ಅಟ್ಟದ ಪ್ಲೇಟುಗಳಿಗೆ ಯಂತ್ರ ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ಚೌತಿಗೆಂದು ಬೆಂಗಳೂರು, ಪುಣೆಗಳಿಂದ ಊರಿಗೆ ಬರುವ ಮಕ್ಕಳು ಈಚಿನ ವರ್ಷಗಳಲ್ಲಿ ಸಿಹಿಯ ಪೊಟ್ಟಣದ ಜೊತೆಗೆ ಸೂಟ್‌ಕೇಸಿನ ಆಕಾರದ ರೆಕಾರ್ಡ್ ಪ್ಲೇಯರನ್ನೂ ತರತೊಡಗಿದ್ದಾರೆ. ಬಂದವರೇ ಅಟ್ಟ ಹತ್ತಿ, ಅಜ್ಜ ಕಟ್ಟಿಟ್ಟಿದ್ದ ಗ್ರಾಮಫೋನ್ ಪ್ಲೇಟುಗಳ ಪೆಟ್ಟಿಗೆಯನ್ನು ಇಳಿಸಿ, ಮೂರು ತಿಂಗಳ ಮಳೆಗೆ ಬೂಸ್ಟು ಹಿಡಿದ ಪ್ಲೇಟನ್ನು ಅಂಗಿಯ ಅಂಚಿನಿಂದ ಒರೆಸಿ ಯಂತ್ರದ ಮೇಲೆ ಇಟ್ಟುಬಿಡುತ್ತಾರೆ. ಕಾರವಾರ, ಅಂಕೋಲಾ, ಶಿರಸಿ ಕಡೆಯ ಮನೆಗಳಲ್ಲಿ ಇದು ನಡೆಯುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ಮೊದಲ ಟರ್ನ್‌ಟೇಬಲ್ (ಪ್ಲೇಟನ್ನು ತಿರುಗಿಸಿ ನುಡಿಸುವ ಯಂತ್ರ) ಯಾವುದಿರಬೇಕು ಎಂಬುದನ್ನು ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ತೀರ್ಮಾನಿಸಬಾರದು. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಯಾವ ಬಗೆಯ ಪ್ಲೇಟುಗಳಿವೆ ಮತ್ತು ನಮ್ಮ ಹವೆ ಎಂಥದು ಎಂಬ ಎರಡು ಸಂಗತಿಗಳನ್ನು ನೋಡಿ ತೀರ್ಮಾನಿಸಬೇಕು ಎಂಬುದು ನನ್ನ ವಿನಂತಿ.

ನಮ್ಮ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಪ್ಲೇಟುಗಳು ಬೆರೆತಿರುತ್ತವೆ. ನಿಮಿಷಕ್ಕೆ 78 ಸುತ್ತಿನವು ಅರಗಿನಿಂದ ಮಾಡಿದವು. ತೂಕವಾಗಿರುತ್ತವೆ, ಕೈಜಾರಿದರೆ ಒಡೆಯುತ್ತವೆ, ಒಂದು ಮಗ್ಗುಲಿನಲ್ಲಿ ಮೂರು ನಿಮಿಷಕ್ಕಿಂತ ತುಸು ಹೆಚ್ಚಷ್ಟೇ ಹಾಡು ಹಿಡಿಯುತ್ತವೆ. 1902ರಲ್ಲಿ ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಅವರ ಧ್ವನಿಮುದ್ರಣವಾದ ಕಾಲದಿಂದ ಸ್ವಾತಂತ್ರ್ಯಾನಂತರದ ಸಿನಿಮಾ ಹಾಡುಗಳವರೆಗೆ ಈ ಬಗೆಯೇ ನಡೆಯಿತು. ಅಬ್ದುಲ್ ಕರೀಂ ಖಾನರು ಹಾಡಿದ ರಾಗಗಳು, ಕಾರವಾರದ ಕಡೆ ಒಂದು ಕಾಲಕ್ಕೆ ಮನೆಮನೆಯಲ್ಲಿ ಕೇಳಿಬರುತ್ತಿದ್ದ ಬಾಲಗಂಧರ್ವರ ನಾಟ್ಯಗೀತೆಗಳು, ಗಂಗೂಬಾಯಿ ಹಾನಗಲ್ಲರು ಗಾಂಧಾರಿ ಎಂಬ ಹೆಸರಿನಲ್ಲಿ ಹಾಡಿದ ಮೊದಮೊದಲ ಹಾಡುಗಳು, ಎಲ್ಲವೂ ಇದರಲ್ಲಿಯೇ ಬಂದವು. 1948ರಲ್ಲಿ ಅಮೆರಿಕದಲ್ಲಿ ಹುಟ್ಟಿದ 33⅓ ಸುತ್ತಿನ ಎಲ್‌ಪಿ ಇದಕ್ಕಿಂತ ಬೇರೆ ಜಾತಿಯದು. ಅದು ವಿನೈಲ್ ಎಂಬ ಪ್ಲಾಸ್ಟಿಕ್ಕಿನದು, ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ನುಡಿಯುತ್ತದೆ. ಮಲ್ಲಿಕಾರ್ಜುನ ಮನ್ಸೂರರೋ ಭೀಮಸೇನ ಜೋಶಿಯವರೋ ರಾಗವನ್ನು ಅವಸರವಿಲ್ಲದೆ ಬೆಳೆಸಲು ಅದರಲ್ಲಿ ಎಡೆ ಸಿಕ್ಕಿತು. ಮೂರನೆಯದು ಅಂಗೈಗಿಂತ ತುಸು ದೊಡ್ಡದಾದ, 45 ಸುತ್ತಿನ ಚಿಕ್ಕ ಪ್ಲೇಟು. ಸಿನಿಮಾ ಹಾಡುಗಳು ಹೆಚ್ಚಾಗಿ ಅದರಲ್ಲಿರುತ್ತವೆ.

ಈ ವಿಂಗಡಣೆಯನ್ನು ಮಾಡದೆ ಯಂತ್ರ ಕೊಂಡರೆ ನಷ್ಟ ಖಚಿತ. 78ರ ಪ್ಲೇಟಿನ ಗೀರು, ಅಂದರೆ ಹಾಡನ್ನು ಕೊರೆದಿರುವ ಸುತ್ತುಗೆರೆ, ಅಗಲವಾದುದು, ಅದಕ್ಕೆ ಬೇಕಾದ ಸೂಜಿಯ ತುದಿಯ ತ್ರಿಜ್ಯ ಸುಮಾರು 75 ಮೈಕ್ರಾನ್; ಎಲ್‌ಪಿಯ ಸೂಜಿಯ ತುದಿ 18 ಮೈಕ್ರಾನ್ ಆಸುಪಾಸಿನದು. ಎಲ್‌ಪಿ ಸೂಜಿಯನ್ನು ಅರಗಿನ ಪ್ಲೇಟಿನ ಮೇಲಿಟ್ಟರೆ ಅದು ಗೀರಿನ ತಳಕ್ಕೆ ಇಳಿದು, ಹಾಡಿಗಿಂತ ಅಲ್ಲಿ ಕೂತ ದೂಳಿನ ಕರಕರವನ್ನೇ ಹೆಚ್ಚಾಗಿ ಎತ್ತುತ್ತದೆ. 78ರ ಸೂಜಿಯನ್ನು ಎಲ್‌ಪಿಯ ಮೇಲಿಟ್ಟರೆ ಗೀರು ಕೆಡುತ್ತದೆ. ಕೀಲಿ ಕೊಟ್ಟು ತಿರುಗಿಸುವ, ತುತ್ತೂರಿಯ ಹಳೆಯ ಗ್ರಾಮಫೋನು ಮನೆಯಲ್ಲಿದ್ದರಂತೂ ಅದರ ಮೇಲೆ ಎಲ್‌ಪಿಯನ್ನು ಎಂದಿಗೂ ಇಡಬಾರದು. ಅದರ ಉಕ್ಕಿನ ಮುಳ್ಳು ನೂರು ಗ್ರಾಮಿಗೂ ಮಿಕ್ಕಿದ ಭಾರದಲ್ಲಿ ಒತ್ತುತ್ತದೆ, ಒಂದೇ ಸಲದ ನುಡಿಸಾಣಿಕೆಯಲ್ಲಿ ಪ್ಲೇಟು ಹಾಳು.

ಸೂಟ್‌ಕೇಸ್ ಮಾದರಿಯ ಅಗ್ಗದ ಯಂತ್ರಗಳ ಬಗ್ಗೆ ನನ್ನ ತಕರಾರು ಇರುವುದೂ ಈ ಭಾರದ ವಿಷಯದಲ್ಲಿಯೇ. ಸೂಜಿಯನ್ನು ಹಿಡಿದು ಅದರ ನಡುಕವನ್ನು ವಿದ್ಯುತ್ ಸಂಕೇತವಾಗಿಸುವ ಭಾಗಕ್ಕೆ ಕಾರ್ಟ್ರಿಜ್ ಎನ್ನುತ್ತಾರೆ. ಒಳ್ಳೆಯ ಮ್ಯಾಗ್ನೆಟ್ ಕಾರ್ಟ್ರಿಜ್ ಎಲ್‌ಪಿಯ ಮೇಲೆ 2 ಗ್ರಾಂ ಆಸುಪಾಸಿನ ಭಾರದಲ್ಲಿ ಓಡುತ್ತದೆ. ಈ ಪೆಟ್ಟಿಗೆಗಳಲ್ಲಿ ಇರುವ ಸೆರಾಮಿಕ್ ಕಾರ್ಟ್ರಿಜ್ ಅದರ ಎರಡು, ಎರಡೂವರೆ ಪಟ್ಟು ಭಾರ ಹಾಕುತ್ತದೆ, ಮತ್ತು ಅದನ್ನು ಕಡಿಮೆ ಮಾಡಲು ಸೂಜಿಯನ್ನು ಹೊತ್ತ ತೋಳಾದ ಟೋನ್‌ಆರ್ಮಿನ ಹಿಂಬದಿಯಲ್ಲಿ ತಿರುಗಿಸುವ ತೂಕದ ಗುಂಡೇ ಇರುವುದಿಲ್ಲ. ಸ್ಪೀಕರು ಅದೇ ಪೆಟ್ಟಿಗೆಯೊಳಗೆ ಕೂತಿರುವುದರಿಂದ ಅದರ ನಡುಕ ಸೂಜಿಗೇ ಮರಳಿ ಮುಟ್ಟುತ್ತದೆ. ಹಾಗಾಗಿ ಮಂದ್ರದ ಸ್ವರಗಳನ್ನು ಕಂಪನಿಯವರು ಮೊದಲೇ ತೆಳುವಾಗಿಸಿರುತ್ತಾರೆ. ಹತ್ತಾರು ಸಲ ನುಡಿಸಿ ಬಿಸಾಡುವ ಪ್ಲೇಟಿಗೆ ಇದು ಸಾಕು. ಮತ್ತೆಲ್ಲೂ ಸಿಗದ ಅಜ್ಜನ ಪ್ಲೇಟಿಗೆ ಇದು ಸಲ್ಲದು.

ಹಾಗಾದರೆ ಯಾವುದನ್ನು ಕೊಳ್ಳಬೇಕು ಎಂದು ಕೇಳುವವರಿಗೆ ಎರಡು ಮಾದರಿಗಳನ್ನು ಉದಾಹರಣೆಗೆಂದು ಹೇಳಬಹುದು. ಇವುಗಳಂಥವು ಬೇರೆ ಕಂಪನಿಗಳಲ್ಲಿಯೂ ಇವೆ. ಮನೆಯಲ್ಲಿ ಎಲ್‌ಪಿ ಮತ್ತು 45ರ ಪ್ಲೇಟುಗಳು ಮಾತ್ರ ಇದ್ದರೆ ಆಡಿಯೋ-ಟೆಕ್ನಿಕಾದ ಎಲ್‌ಪಿ60ಎಕ್ಸ್ ದರ್ಜೆಯ ಯಂತ್ರ ಸಾಕು: ಗುಂಡಿ ಒತ್ತಿದರೆ ತೋಳು ತಾನೇ ಏಳುತ್ತದೆ, ಹಾಡು ಮುಗಿದರೆ ತಾನೇ ಮರಳುತ್ತದೆ, ಸೂಜಿ ಸವೆದರೆ ಬದಲಿ ಸಿಗುತ್ತದೆ. ಆದರೆ ಅದು 78 ಸುತ್ತಿಗೆ ತಿರುಗುವುದಿಲ್ಲ, ಸೂಜಿಯ ಭಾರವನ್ನು ನಾವು ಹೊಂದಿಸುವಂತಿಲ್ಲ. ಪೆಟ್ಟಿಗೆಯಲ್ಲಿ ಅರಗಿನ ಪ್ಲೇಟುಗಳು ಇವೆಯೆಂದಾದರೆ ಅದೇ ಕಂಪನಿಯ ಎಲ್‌ಪಿ120ಎಕ್ಸ್ ದರ್ಜೆಯದನ್ನು, ಅಂದರೆ ಮೂರೂ ವೇಗಗಳಿರುವ, ಹಿಂಬದಿಯ ತೂಕವನ್ನು ತಿರುಗಿಸಬಹುದಾದ ಯಂತ್ರವನ್ನು ನೋಡಬೇಕು. ಅದರ ಜೊತೆಗೆ ಬರುವ ವಿಎಂ95 ಸಾಲಿನ ಕಾರ್ಟ್ರಿಜ್ಜಿನಲ್ಲಿ ಎಲ್‌ಪಿಯ ಸೂಜಿಯನ್ನು ಎಳೆದು ತೆಗೆದು 78ರ ಸೂಜಿಯನ್ನು ಸಿಕ್ಕಿಸಬಹುದು. ಎಲ್‌ಪಿಗೆ 2 ಗ್ರಾಂ, 78ರ ಸೂಜಿಗೆ ಸುಮಾರು 5 ಗ್ರಾಂ ಎಂದು ಭಾರವನ್ನು ಪ್ರತಿಸಲ ಹೊಂದಿಸಿಕೊಳ್ಳುವ ತಾಳ್ಮೆ ಬೇಕು, ಅಷ್ಟೇ. ಯಂತ್ರದ ಬಣ್ಣಕ್ಕೂ ಬ್ಲೂಟೂತಿಗೂ ಕೊಡುವ ಹೆಚ್ಚಿನ ಹಣವನ್ನು ಆ ಎರಡನೆಯ ಸೂಜಿಗೆ ಹಾಕುವುದು ಲೇಸು. ವಜ್ರದ ಸೂಜಿಯೂ 500ರಿಂದ 1000 ಗಂಟೆಗಳಲ್ಲಿ ಸವೆಯುವುದರಿಂದ, ಬದಲಿ ಸೂಜಿಯ ನಂಬರನ್ನು ಕೊಳ್ಳುವ ದಿನವೇ ಬರೆದಿಟ್ಟುಕೊಳ್ಳಬೇಕು. ಕಾರವಾರದಲ್ಲಿ ಕೂತವರು ಅದನ್ನು ದೂರದಿಂದಲೇ ತರಿಸಬೇಕಾಗುತ್ತದೆ.

ಸದ್ದು ಬಾರದೆ ಅಂಗಡಿಗೆ ವಾಪಸು ಹೋಗುವ ಯಂತ್ರಗಳಲ್ಲಿ ದೋಷವಿಲ್ಲದವೂ ಬಹಳ. ಪ್ಲೇಟು ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಎತ್ತಿರುತ್ತಾರೆ. ಅದನ್ನು ಸರಿಗೊಳಿಸಿ, ಸೂಜಿಯಿಂದ ಬರುವ ಕೆಲವೇ ಮಿಲಿವೋಲ್ಟ್ ಸಂಕೇತವನ್ನು ಹಿಗ್ಗಿಸುವ ಫೋನೋ ಪ್ರಿಆಂಪ್ ಎಲ್ಲಾದರೂ ಒಂದು ಕಡೆ ಇರಲೇಬೇಕು. ಅದು ಎಲ್ಲೂ ಇಲ್ಲದಿದ್ದರೆ ಹಾಡು ಕ್ಷೀಣವಾಗಿ, ತೆಳ್ಳಗೆ ಕೇಳುತ್ತದೆ. ಯಂತ್ರದಲ್ಲಿಯೂ ಇದ್ದು ಆಂಪ್ಲಿಫೈಯರಿನ ಫೋನೋ ತೂತಿಗೂ ಸಿಕ್ಕಿಸಿದರೆ ಒಡೆದು ಅರಚುತ್ತದೆ. ಒಂದೇ ಸಮನೆ ಗುಂಯ್ ಎನ್ನುವ ಸದ್ದಿದ್ದರೆ ಹಿಂಬದಿಯ ಅರ್ಥ್ ತಂತಿ ಬಿಗಿಯಾಗಿದೆಯೇ ಎಂದು ನೋಡಬೇಕು. ಹಳೆಯ ಮನೆಗಳಲ್ಲಿ ಗೋಡೆಯ ಪ್ಲಗ್ಗಿನ ಅರ್ಥಿಂಗೇ ಕೆಟ್ಟಿರುವುದೂ ಉಂಟು.

ಕೊಲ್ಲಿ ದೇಶಗಳಲ್ಲಿ ದುಡಿದು ಬಂದ ಹಿರಿಯರು ತಂದಿಟ್ಟ ಹಳೆಯ ಟರ್ನ್‌ಟೇಬಲ್‌ಗಳು ನಮ್ಮ ಕರಾವಳಿಯಲ್ಲಿ ಇನ್ನೂ ಸಿಗುತ್ತವೆ, ಕೆಲವು ಇಂದಿನ ಹೊಸವಕ್ಕಿಂತ ಗಟ್ಟಿಯಾಗಿಯೂ ಇವೆ. ಆದರೆ ಕೊಳ್ಳುವ ಮುನ್ನ ಹಿಂಬದಿಯ ತಗಡಿನ ಚೀಟಿಯನ್ನು ಓದಬೇಕು. ನಮ್ಮ ವಿದ್ಯುತ್ತು 230 ವೋಲ್ಟ್, 50 ಹರ್ಟ್ಜ್. ಅಮೆರಿಕದಂತೆ ಸೌದಿ ಅರೇಬಿಯಾದ್ದೂ 60 ಹರ್ಟ್ಜ್. ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್ ಸರಿಮಾಡೀತು, ಹರ್ಟ್ಜನ್ನು ಮಾಡದು. ವಿದ್ಯುತ್ತಿನ ಹರ್ಟ್ಜಿಗೆ ತಕ್ಕಂತೆ ತಿರುಗುವ ಹಳೆಯ ಸಿಂಕ್ರೊನಸ್ ಮೋಟಾರು ಇಲ್ಲಿ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತದೆ. ಶ್ರುತಿ ಮೂರು ಸ್ವರಸ್ಥಾನಗಳಷ್ಟು ಕೆಳಗೆ ಜಾರಿ, ಹಾರ್ಮೋನಿಯಂನ ಕಪ್ಪು ಒಂದನೆಯ ಮನೆಯ ಶ್ರುತಿಯಲ್ಲಿ ಹಾಡಿದವರು ಕೆಳಗಿನ ಸಪ್ತಕದ ಕಪ್ಪು ಐದರಲ್ಲಿ ಹಾಡಿದಂತೆ ಕೇಳುತ್ತದೆ. ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆ ಹಿಂದೂಸ್ತಾನಿ ಸಂಗೀತ ಕಲಿತವರಿಗೂ ಹಾರ್ಮೋನಿಯಂ ಇರುವ ಮನೆಗಳಿಗೂ ಕೊರತೆಯಿಲ್ಲ. ಶ್ರುತಿ ಗೊತ್ತಿರುವ ಒಂದು ಪ್ಲೇಟನ್ನು ಹಾಕಿ ಹಾರ್ಮೋನಿಯಂನ ಷಡ್ಜಕ್ಕೆ ಹೋಲಿಸಿದರೆ ಯಂತ್ರದ ವೇಗ ತಪ್ಪಿದೆಯೇ ಎಂಬುದು ಕಿವಿಗೇ ತಿಳಿಯುತ್ತದೆ. ಒಂದು ಸ್ವರಸ್ಥಾನದ ವ್ಯತ್ಯಾಸವೆಂದರೆ ವೇಗದಲ್ಲಿ ಸುಮಾರು ಶೇ 6ರ ತಪ್ಪು. ಹಳೆಯ 78ರ ಪ್ಲೇಟುಗಳೆಲ್ಲ ಕರಾರುವಾಕ್ಕಾಗಿ 78ರಲ್ಲಿಯೇ ಮುದ್ರಣವಾದವಲ್ಲ, ಆದ್ದರಿಂದ ವೇಗವನ್ನು ತುಸು ಏರಿಳಿಸುವ ಪಿಚ್ ಪಟ್ಟಿ ಇರುವ ಯಂತ್ರ ಅವಕ್ಕೆ ಹೆಚ್ಚು ಅನುಕೂಲ.

ಇನ್ನು ನಮ್ಮ ಹವೆ. ಮಳೆಗಾಲದಲ್ಲಿ ಕರಾವಳಿಯ ಗಾಳಿಯ ತೇವಾಂಶ ಶೇ 80 ದಾಟುವುದು ಸಾಮಾನ್ಯ. ವಿನೈಲನ್ನು ಬೂಸ್ಟು ತಿನ್ನುವುದಿಲ್ಲ. ಅದು ಬೆಳೆಯುವುದು ದೂಳು, ಕೈಯ ಜಿಡ್ಡು ಮತ್ತು ಕಾಗದದ ಲಕೋಟೆಯ ಮೇಲೆ, ಅಲ್ಲಿಂದ ಗೀರಿಗೆ ಇಳಿಯುತ್ತದೆ. ಆದ್ದರಿಂದ ಮೃಗಶಿರಾ ಹಿಡಿಯುವ ಮೊದಲೇ ಪ್ಲೇಟುಗಳನ್ನು ತೊಳೆದು, ಹಳೆಯ ಒಳಲಕೋಟೆಗಳನ್ನು ತೆಗೆದುಹಾಕಿ ಹೊಸದಕ್ಕೆ ಸೇರಿಸಬೇಕು. ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಬೆರೆಸಿ, ನಡುವಿನ ಚೀಟಿಗೆ ತಾಗದಂತೆ, ಗೀರಿನ ದಿಕ್ಕಿನಲ್ಲಿಯೇ ಮೆತ್ತನೆಯ ಬಟ್ಟೆಯಿಂದ ಒರೆಸಿ, ಬರಿಯ ಡಿಸ್ಟಿಲ್ಡ್ ನೀರಿನಿಂದ ಮತ್ತೆ ತೊಳೆದು ನೆರಳಿನಲ್ಲಿ ನಿಲ್ಲಿಸಿ ಆರಿಸಿದರೆ ಸಾಕು. ಟೇಪ್‌ರೆಕಾರ್ಡರಿನ ಹೆಡ್ ಒರೆಸಿ ರೂಢಿಯಿರುವ ನಮ್ಮ ತಲೆಮಾರಿನವರು ಸ್ಪಿರಿಟ್ ಶೀಸೆಗೆ ಕೈಹಾಕುತ್ತಾರೆ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, 78ರ ಪ್ಲೇಟಿಗೆ ಅದನ್ನು ಮುಟ್ಟಿಸಲೇಬಾರದು. ಒಂದರ ಮೇಲೊಂದು ಪೇರಿಸಿಡುವುದು, ತಗಡಿನ ಮಾಡಿನ ಕೆಳಗೆ ಬೇಸಿಗೆಯಲ್ಲಿ ಬಿಡುವುದು, ಬಟ್ಟೆಯ ಕಪಾಟಿಗೆ ಬೂಸ್ಟು ಬಾರದಿರಲೆಂದು ಹಚ್ಚಿಡುವ ಬಲ್ಬಿನ ಪಕ್ಕಕ್ಕೆ ಇಡುವುದು, ಈ ಮೂರರಿಂದಲೂ ಎಲ್‌ಪಿ ಡೊಂಕಾಗುತ್ತದೆ. ಶಿರಸಿ ಕಡೆಯ ಮನೆಗಳಲ್ಲಿ ಅಡುಗೆಮನೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಹೊಗೆಯ ಮಸಿ ಗೀರಿನಲ್ಲಿ ಕೂತರೆ ಬಿಡಿಸುವುದು ಕಷ್ಟ. ಕಡಲ ದಂಡೆಯವರಿಗೆ ಉಪ್ಪುಗಾಳಿಯದು ಇನ್ನೊಂದು ತೊಡಕು. ಕಾರ್ಟ್ರಿಜ್ಜಿನ ಪಿನ್ನುಗಳೂ ವೈರಿನ ತುದಿಗಳೂ ಕಿಲುಬು ಹಿಡಿದು ಒಂದು ಬದಿಯ ಸದ್ದು ನಿಂತುಹೋಗುತ್ತದೆ, ಆಗೀಗ ಬಿಚ್ಚಿ ಒರೆಸಬೇಕು.

ಹಲಗೆಯ ಮಾಳಿಗೆಯಲ್ಲಿ ಯಂತ್ರವನ್ನು ಮೇಜಿನ ಮೇಲಿಟ್ಟರೆ ಯಾರು ನಡೆದಾಡಿದರೂ ಸೂಜಿ ಹಾರುತ್ತದೆ. ಚಿರೇಕಲ್ಲಿನ ಗೋಡೆಗೆ ಗಟ್ಟಿಯಾದ ಹಲಗೆ ಬಡಿದು ಅದರ ಮೇಲಿಟ್ಟರೆ ಆ ಉಪದ್ರವವಿಲ್ಲ. ಗೌಂಡಿಯವರ ಬಳಿಯ ರಸಮಟ್ಟವನ್ನು ಒಂದು ಗಳಿಗೆ ಇಸಿದುಕೊಂಡು ಮಟ್ಟ ನೋಡಿಕೊಳ್ಳಬೇಕು. ಗುಡುಗು ಮಿಂಚಿನ ದಿನಗಳಲ್ಲಿ ಪ್ಲಗ್ ಕೀಳಬೇಕೆಂದು ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ.

ಪ್ಲೇಟಿನ ಸದ್ದು ಸಿಡಿಗಿಂತ ಶುದ್ಧ ಎಂಬ ಪ್ರಚಾರವನ್ನು ನಾನು ಒಪ್ಪುವುದಿಲ್ಲ. ಸದ್ದುಗದ್ದಲವಿಲ್ಲದ ನಿಚ್ಚಳತೆಯಲ್ಲಿ ಸಿಡಿಯೇ ಮುಂದು. ಆದರೆ ಮತ್ತೆ ಬಿಡುಗಡೆಯಾಗದ ಹಾಡುಗಳು ಇನ್ನೂ ಆ ಪ್ಲೇಟುಗಳಲ್ಲಿಯೇ ಉಳಿದಿವೆ ಎಂಬುದು ಟರ್ನ್‌ಟೇಬಲ್ ಕೊಳ್ಳಲು ಸಾಕಾದ ಕಾರಣ. ಹೊಸ ಎಲ್‌ಪಿಗಳಿಗೆ ದುಬಾರಿ ಬೆಲೆ ತೆರುವ ಮುನ್ನ ಕೊಳ್ಳುವವರು ತಮ್ಮ ಮನೆಯ ಪ್ಲೇಟುಗಳನ್ನೂ ನೆಂಟರಿಷ್ಟರ ಮನೆಯ ಪ್ಲೇಟುಗಳನ್ನೂ ನೋಡಲಿ. ಹಳೆಯದನ್ನು ಕೊಳ್ಳುವಾಗ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಉಗುರಿಗೆ ತಾಕುವಂಥ ಗೆರೆಗಳಿವೆಯೇ, ನಡುವಿನ ತೂತಿನ ಸುತ್ತ ಬಹಳ ಸವೆದಿದೆಯೇ ಎಂದು ಪರೀಕ್ಷಿಸಿದರೆ ಎಷ್ಟು ಸಲ ನುಡಿದ ಪ್ಲೇಟೆಂದು ಅಂದಾಜಾಗುತ್ತದೆ.

ಹಬ್ಬದ ದಿನಗಳಲ್ಲಿ ತಮ್ಮ ಪತ್ರಿಕೆಯಲ್ಲಿಯೂ ಇಂಥ ಯಂತ್ರಗಳ ಜಾಹೀರಾತು ಬರುತ್ತದೆ. ಯಂತ್ರ ಯಾವ ಯಾವ ವೇಗದಲ್ಲಿ ತಿರುಗುತ್ತದೆ, ಸೂಜಿ ಎಷ್ಟು ಗ್ರಾಂ ಭಾರದಲ್ಲಿ ಒತ್ತುತ್ತದೆ, ಬದಲಿ ಸೂಜಿಯ ನಂಬರು ಯಾವುದು ಎಂಬ ಮೂರು ಸಂಗತಿಗಳನ್ನು ಬೆಲೆಯ ಪಕ್ಕದಲ್ಲಿಯೇ ಅಚ್ಚು ಹಾಕಿಸುವಂತೆ ಮಾರಾಟಗಾರರಿಗೆ ತಾವು ಸೂಚಿಸಬೇಕೆಂದೂ, ಮನೆಯಿಂದ ಒಂದು ಪ್ಲೇಟು ತಂದ ಗಿರಾಕಿಗೆ ಅಂಗಡಿಯವರು ಅದನ್ನು ನುಡಿಸಿ ತೋರಿಸಿಯೇ ಮಾರಬೇಕೆಂದೂ ಕೋರುತ್ತೇನೆ.

ಇತಿ,
ತಮ್ಮ ಓದುಗ
ಕಾರವಾರ