‘ಮತಬ್ಯಾಂಕ್’ ಯಾರದು?

ಮಾನ್ಯ ಸಂಪಾದಕರೇ,

ಚುನಾವಣೆ ಬಂದಾಗಲೆಲ್ಲ ನಿಮ್ಮ ಪತ್ರಿಕೆಯೂ ಸೇರಿದಂತೆ ನಮ್ಮ ಮಾಧ್ಯಮಗಳು ಒಂದು ಜಾತಿಯನ್ನೋ ಧರ್ಮವನ್ನೋ ಇಂಥ ಪಕ್ಷದ ‘ಮತಬ್ಯಾಂಕ್’ ಎಂದು ಬರೆದುಬಿಡುತ್ತವೆ. ಮತದಾರರ ನಡವಳಿಕೆಯನ್ನು ಅಭ್ಯಾಸ ಮಾಡುತ್ತಲೇ ಮೂವತ್ತು ವರ್ಷ ಅಧ್ಯಾಪಕನಾಗಿದ್ದ ನನಗೆ ಇದು ನೋವಿನ ಸಂಗತಿ. ಏಕೆಂದರೆ ಈ ಪದ ಬಳಕೆಗೆ ಬಂದದ್ದೇ ನಮ್ಮ ಸೀಮೆಯ ಹಳ್ಳಿಯೊಂದರ ಅಧ್ಯಯನದಿಂದ.

ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿಗೆ ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಉಳಿದಿದ್ದರು. ಅದನ್ನು ‘ರಾಮಪುರ’ ಎಂಬ ಬದಲಿ ಹೆಸರಿನಿಂದ ಕರೆದು 1955ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಪದ ಬಳಸಿದರು. ಅವರ ಗಮನವಿದ್ದದ್ದು ತನ್ನ ಗೇಣಿದಾರರ, ಸಾಲಗಾರರ, ಆಳುಗಳ ಮತಗಳನ್ನು ಒಟ್ಟಾಗಿ ರಾಜಕಾರಣಿಗೆ ಕೊಡಿಸಿ, ಪ್ರತಿಯಾಗಿ ಅನುಕೂಲ ಪಡೆಯುತ್ತಿದ್ದ ಊರ ಯಜಮಾನನ ಮೇಲೆ. 1974ರ ಭೂಸುಧಾರಣೆಯಿಂದ ಅನೇಕ ಗೇಣಿದಾರರು ಭೂಮಾಲೀಕರಾದ ಮೇಲೆ ಆ ಹಿಡಿತ ಬಹಳಷ್ಟು ಸಡಿಲವಾಯಿತು. ಯಜಮಾನನ ಮೇಲಿದ್ದ ಆ ಪದವನ್ನು ಈಗ ಮತದಾರರ ಮೇಲೆಯೇ ಹೊರಿಸುತ್ತಿದ್ದೇವೆ.

ಮತದಾರರ ಪಟ್ಟಿಯಿಂದ ಹೆಸರುಗಳನ್ನು ಆಯ್ದು, ಮನೆಗೆ ಹೋಗಿ, ಪ್ರಶ್ನೆಗಳ ನಡುವೆ ಒಂದು ಮಾದರಿ ಮತಪತ್ರವನ್ನೂ ಪುಟ್ಟ ಪೆಟ್ಟಿಗೆಯನ್ನೂ ಮುಂದಿಡುವುದು ನಮ್ಮ ಕ್ಷೇತ್ರಕಾರ್ಯದ ಪದ್ಧತಿ. ಮಂಡ್ಯ ಜಿಲ್ಲೆಯ ಒಂದು ಮನೆಯಲ್ಲಿ ‘ನಮ್ಮನೇಲಿ ಎಲ್ರೂ ಒಂದಕ್ಕೇ ಹಾಕೋದು, ಬರ್ಕೊಳಿ’ ಎಂದು ಅತ್ತೆ ಗಟ್ಟಿಯಾಗಿ ಹೇಳಿದರು. ಕೈಗೆ ಮೆತ್ತಿದ್ದ ರಾಗಿಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಬಂದ ಸೊಸೆ ಮರುಮಾತಾಡದೆ ಗೋಡೆಯ ಕಡೆ ತಿರುಗಿ ಗುರುತು ಹಾಕಿ, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಗೆ ಹಾಕಿದರು. ಅದರಲ್ಲೇನಿತ್ತೆಂದು ಹೇಳುವುದು ಧರ್ಮವಲ್ಲ. ಆದರೆ ಅವರು ಗೋಡೆಯ ಕಡೆ ತಿರುಗಿದ್ದನ್ನು ನಾನು ಇಂದಿಗೂ ಮರೆತಿಲ್ಲ.

ಮತಗಟ್ಟೆವಾರು ಎಣಿಕೆಯಿಂದ ತಿಳಿಯುವುದು ಆ ಮತಗಟ್ಟೆಯ ಒಟ್ಟು ಲೆಕ್ಕವೇ ಹೊರತು, ಯಾವ ಸಮುದಾಯ ಯಾರಿಗೆ ಹಾಕಿತು ಎಂಬುದಲ್ಲ. ಅದನ್ನು ತಿಳಿಯಬೇಕಾದರೆ ಜನರನ್ನೇ ಕೇಳಬೇಕು. ಆದ್ದರಿಂದ, ಒಂದು ಸಮುದಾಯ ಒಟ್ಟಾಗಿ ಮತ ಹಾಕಿತೆಂದು ಬರೆಯುವಾಗ ಎಷ್ಟು ಜನರನ್ನು, ಹೇಗೆ ಆಯ್ದು, ಯಾವಾಗ ಕೇಳಲಾಯಿತು ಎಂಬುದನ್ನು ಅದೇ ವರದಿಯಲ್ಲಿ ಅಚ್ಚು ಹಾಕಬೇಕೆಂದೂ, ಯಾರನ್ನೂ ಕೇಳಿಲ್ಲವಾದರೆ ಆ ಮಾತನ್ನು ಕೈಬಿಡಬೇಕೆಂದೂ ವಿನಂತಿಸುತ್ತೇನೆ.

– ನಿವೃತ್ತ ರಾಜ್ಯಶಾಸ್ತ್ರ ಅಧ್ಯಾಪಕ, ಮೈಸೂರು