ಎಫ್‌ಸಿ ಕಾಗದದಲ್ಲಿ ಕಿಲೋಮೀಟರ್ ಕೂಡ ಬರೆಯಲಿ

ಮಾನ್ಯ ಸಂಪಾದಕರೇ,

ನಮ್ಮ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಮಾವು, ಟೊಮೆಟೊ ಬೆಳೆಯುವವರಿಗೆ ಗಾಡಿ ಬಾಡಿಗೆ ದೊಡ್ಡ ಖರ್ಚು. ಅದನ್ನಾದರೂ ಉಳಿಸೋಣವೆಂದು ಹುಡುಗರು ಸೆಕೆಂಡ್ ಹ್ಯಾಂಡ್ ಪಿಕಪ್ ಹುಡುಕಿಕೊಂಡು ಹೊರಡುತ್ತಾರೆ. ನಾನು ಸಾರಿಗೆ ಸಂಸ್ಥೆಯ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು, ಹಾಗಾಗಿ ಗಾಡಿ ನೋಡಲು ನನ್ನನ್ನೂ ಹತ್ತಿಸಿಕೊಂಡು ಹೋಗುತ್ತಾರೆ. ಎಲ್ಲರೂ ಮೊದಲು ಕೇಳುವುದು ಒಂದೇ: ‘ಎಷ್ಟು ಓಡಿದೆ?’ ಇದಕ್ಕೆ ನಂಬುವಂಥ ಉತ್ತರ ಯಾವ ಕಾಗದದಲ್ಲೂ ಸಿಗುತ್ತಿಲ್ಲ, ಗಾಡಿ ಓಡಲು ಯೋಗ್ಯ ಎಂದು ತಪಾಸಣೆ ಮಾಡಿ ಕೊಡುವ ಎಫ್‌ಸಿ ಪತ್ರದಲ್ಲೂ ಇಲ್ಲ. ಅದಕ್ಕೇ ಈ ಪತ್ರ.

ಸದ್ಯ ನನ್ನ ತಮ್ಮನ ಮಗ ಎರಡು ಬೊಲೆರೊ ಪಿಕಪ್ ನೋಡಿ ಬಂದು ಯಾವುದೆಂದು ತೀರ್ಮಾನವಾಗದೆ ಕೂತಿದ್ದಾನೆ. ಒಂದು 2014ರದು, ಮೀಟರ್‌ನಲ್ಲಿ 2,83,000 ಕಿ.ಮೀ., ನಾಲ್ಕು ಲಕ್ಷ ಕೇಳುತ್ತಿದ್ದಾರೆ. ಇನ್ನೊಂದು 2016ರದು, ಹೊಸದಾಗಿ ಬಣ್ಣ ಹೊಡೆಸಿದ್ದಾರೆ, ಮೀಟರ್ 94,000. ಬೆಲೆ ಒಂದು ಲಕ್ಷ ಜಾಸ್ತಿ. ‘ದೊಡ್ಡಪ್ಪ, ಮೂರು ಲಕ್ಷ ಓಡಿರೋ ಗಾಡೀಲಿ ಇನ್ನೇನು ಉಳಿದಿರುತ್ತೆ? ಎರಡನೇದೇ ತಗೊಳ್ಳೋಣ’ ಅಂತಾನೆ. ನನಗೆ ಅನುಮಾನ ಇರುವುದೇ ಆ 94,000ದ ಮೇಲೆ. ಬಾಡಿಗೆಗೆ ಓಡಿದ ಹಳದಿ ಬೋರ್ಡ್ ಗಾಡಿ ಇಷ್ಟು ವರ್ಷದಲ್ಲಿ ಅಷ್ಟೇ ಓಡಿದ್ದರೆ ಆ ಮಾಲೀಕ ಕಂತು ಕಟ್ಟಿದ್ದು ಹೇಗೆ? ಕ್ಲಚ್ ಪೆಡಲ್ಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದೆ. ಸ್ಟೀರಿಂಗ್ ಹಿಡಿದು ಹಿಡಿದು ನುಣ್ಣಗಾಗಿದೆ. ಹಿಂದೆಲ್ಲ ಮೀಟರ್ ಕೇಬಲ್ ಕಳಚಿ ಓಡಿಸುತ್ತಿದ್ದರು. ಈಗ ಡಿಜಿಟಲ್ ಮೀಟರ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಬೇಕಾದ ಅಂಕಿ ಕೂರಿಸಿಕೊಡುವವರಿದ್ದಾರೆ.

ಡಿಪೊದಲ್ಲಿದ್ದಾಗ ನಾವ್ಯಾರೂ ಕಿಲೋಮೀಟರಿಗೆ ಹೆದರಿದವರಲ್ಲ. ಈ ಪಿಕಪ್‌ಗಿಂತ ಎಷ್ಟೋ ಹೆಚ್ಚು ಓಡಿದ ಬಸ್ಸನ್ನು ರಾತ್ರಿ ರಿಪೇರಿ ಮಾಡಿ ಬೆಳಿಗ್ಗೆ ರೂಟಿಗೆ ಬಿಡುತ್ತಿದ್ದೆವು. ಆ ಧೈರ್ಯಕ್ಕೆ ಕಾರಣ ಲೆಕ್ಕ. ದಿನಕ್ಕೆ ಎಷ್ಟು ಓಡಿತು, ಎಷ್ಟನೇ ಕಿಲೋಮೀಟರಿಗೆ ಆಯಿಲ್ ಬದಲಾಯಿತು, ಕ್ಲಚ್ ಪ್ಲೇಟ್ ಯಾವಾಗ ಹೋಯಿತು, ಎಲ್ಲವೂ ಬರಹದಲ್ಲಿ ಇರುತ್ತಿತ್ತು.

ಆ 2014ರ ಗಾಡಿಗೂ ಅಂಥದೊಂದು ಲೆಕ್ಕವಿದೆ. ಅದರ ಮಾಲೀಕರದು ನರ್ಸರಿ. ಟೊಮೆಟೊ, ಕ್ಯಾಪ್ಸಿಕಂ ಸಸಿಯ ಟ್ರೇಗಳನ್ನು ಅನಂತಪುರ, ಮದನಪಲ್ಲಿ ಕಡೆಗೆಲ್ಲ ಸಾಗಿಸಿದ್ದಾರೆ. ದೂರ ಬಹಳ, ಭಾರ ಕಡಿಮೆ. ಸರ್ವೀಸ್ ಬಿಲ್ಲುಗಳನ್ನು ದಾರದಲ್ಲಿ ಪೋಣಿಸಿ ಇಟ್ಟಿದ್ದರು. ಫಾಸ್ಟ್ಯಾಗ್ ಸ್ಟೇಟ್‌ಮೆಂಟನ್ನೂ ಕೇಳಿ ನೋಡಿದೆ. 2021ರ ಫೆಬ್ರುವರಿಯಿಂದ ಹೆದ್ದಾರಿ ಟೋಲ್‌ಗಳಲ್ಲಿ ಅದು ಕಡ್ಡಾಯ ಆದ್ದರಿಂದ ಗಾಡಿ ಯಾವತ್ತು ಎಲ್ಲಿ ಹೋಗಿತ್ತು ಎಂಬುದು ಬ್ಯಾಂಕಿನಲ್ಲಿ ದಾಖಲಾಗಿರುತ್ತದೆ. ಬಿಲ್ಲು, ಟೋಲು, ಮೀಟರು ಮೂರೂ ಒಂದಕ್ಕೊಂದು ತಾಳೆಯಾದವು. ಇನ್ನೊಂದು ಗಾಡಿಯವರನ್ನು ಅದೇ ಸ್ಟೇಟ್‌ಮೆಂಟ್ ಕೇಳಿದ್ದಕ್ಕೆ ‘ಮೊಬೈಲ್ ನಂಬರ್ ಚೇಂಜ್ ಆಗಿದೆ ಸಾರ್’ ಎಂದರು.

ಗಾಡಿ ಸಾಯುವುದು ಓಡಿದ್ದಕ್ಕಿಂತ ಹೊತ್ತದ್ದರಿಂದ. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಎಂದರೆ 15 ಕೆ.ಜಿ. 1.3 ಟನ್ನಿನ ಪಿಕಪ್‌ಗೆ 80 ಬಾಕ್ಸ್ ಹಾಕಿದರೆ ಹಣ್ಣೇ 1,200 ಕೆ.ಜಿ., ಕ್ರೇಟಿನ ತೂಕ ಬೇರೆ. ರೇಟು ಬಂದ ದಿನ 130 ಹೇರುತ್ತಾರೆ. ಅಂಥ ಗಾಡಿಯ ಬಾನೆಟ್ ಎತ್ತುವುದಕ್ಕೆ ಮೊದಲು ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿ ನೋಡಬೇಕು. ಹಿಂದಿನ ಸ್ಪ್ರಿಂಗ್ ಪ್ಲೇಟ್ ಕೂರುವ ಜಾಗದಲ್ಲಿ ಚಾಸಿಗೆ ವೆಲ್ಡಿಂಗ್ ಬಿದ್ದಿದೆಯೇ, ಕಂಪನಿ ಕೊಟ್ಟದ್ದಕ್ಕಿಂತ ಪ್ಲೇಟ್ ಹೆಚ್ಚು ಕಟ್ಟಿಸಿದ್ದಾರೆಯೇ, ಅಲ್ಲಿ ಮಾತ್ರ ಹೊಸ ಕಪ್ಪು ಬಣ್ಣವಿದೆಯೇ ಎಂದು ನೋಡಿ. 94,000ದ ಗಾಡಿಗೆ ಒಂದೊಂದು ಬದಿಗೆ ಎರಡು ಪ್ಲೇಟ್ ಹೆಚ್ಚಿಗೆ ಇದ್ದವು, ಅಂದರೆ ಅತಿಭಾರ ಹೇರಲೆಂದೇ ಕಟ್ಟಿಸಿದ್ದು.

ಎಂಜಿನ್ ನೋಡುವುದು ಆಮೇಲೆ, ಅದೂ ಬೆಳಿಗ್ಗೆ ಬೇಗ, ಹೇಳದೆ ಹೋಗಿ. ನಾವು ಬರುತ್ತೇವೆಂದು ಗೊತ್ತಾದರೆ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಟ್ಟಿರುತ್ತಾರೆ. ತಣ್ಣಗಿರುವಾಗ ಒಂದೇ ಸೆಲ್ಫ್‌ಗೆ ಎದ್ದಿತೇ, ಆಯಿಲ್ ಮುಚ್ಚಳ ತೆಗೆದರೆ ಹೊಗೆ ದಬದಬನೆ ನುಗ್ಗುತ್ತದೆಯೇ ನೋಡಿ. ನಾವು ಬ್ಯಾಕ್ ಕಂಪ್ರೆಷನ್ ಅನ್ನುವುದು ಇದನ್ನೇ. ಇದ್ದರೆ ಎಂಜಿನ್ ಕೆಲಸದ ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳಬೇಕು. ನರ್ಸರಿಯವರ ಗಾಡಿಗೆ ಅದು ಸ್ವಲ್ಪ ಇದೆ, ಮುಚ್ಚಿಡುವುದಿಲ್ಲ. ಟೈರುಗಳೂ ಬೇಕು.

ಹಳೇದೇ ಬೇಕೇ ಎನ್ನುವ ಪ್ರಶ್ನೆಯೂ ಇದೆ. ಹೊಸ ಪಿಕಪ್ ರಸ್ತೆಗಿಳಿಯುವಷ್ಟರಲ್ಲಿ ಹತ್ತು ಲಕ್ಷದ ಸುತ್ತ ಆಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದ ಮೇಲೆ ಹಳೇದರದೂ ಇಳಿಯಬೇಕಲ್ಲ? ಮಾರುವವರು ಆ ಮಾತೇ ಎತ್ತುವುದಿಲ್ಲ, ಕೊಳ್ಳುವವರಾದರೂ ಎತ್ತಿ. ಎಂಟು ವರ್ಷ ದಾಟಿದ ಗಾಡಿಗೆ ವರ್ಷವರ್ಷ ಎಫ್‌ಸಿ. ಗಾಡಿ ಹಳೇದಾದಷ್ಟೂ ಅದರ ಶುಲ್ಕವೂ ದುಬಾರಿ. ದಿನವೂ ಬಾಡಿಗೆಗೆ ಓಡಿಸುವವನಾಗಿದ್ದರೆ ಸಾಲ ಮಾಡಿಯಾದರೂ ಹೊಸದು ತಗೋ ಎನ್ನುತ್ತಿದ್ದೆ. ನಮ್ಮ ಹುಡುಗನಿಗೆ ಬೇಕಿರುವುದು ಸ್ವಂತ ಬೆಳೆ ಸಾಗಿಸಲು, ವರ್ಷದಲ್ಲಿ ಕೆಲವೇ ತಿಂಗಳು. ಡ್ರೈವರ್ ಕೂಡ ಬೇಡ. 7,500 ಕೆ.ಜಿ.ಯೊಳಗಿನ ಸರಕು ವಾಹನಕ್ಕೆ ಎಲ್‌ಎಂವಿ (ಲಘು ವಾಹನ) ಲೈಸೆನ್ಸೇ ಸಾಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಹಾಗಾಗಿ 2,83,000 ಓಡಿದ ಗಾಡಿಗೇ ನನ್ನ ಓಟು. ಆದರೆ ನಾಲ್ಕು ಲಕ್ಷಕ್ಕಲ್ಲ, ಎಂಜಿನ್ ಕೆಲಸ, ಟೈರು ಎರಡರದೂ ಕಳೆದು.

ಮಾರುವ ರೈತರಿಗೂ ಒಂದು ಮಾತು. ಹೆಸರು ವರ್ಗಾವಣೆಯ 29, 30ನೇ ಫಾರಂಗೆ ಸಹಿ ಹಾಕಿ ಕೊಟ್ಟು ದುಡ್ಡು ಎಣಿಸಿಕೊಂಡರೆ ಕೆಲಸ ಮುಗಿಯುವುದಿಲ್ಲ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರ ಅವರ ತಲೆಗೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಸಾರಿಗೆ ಇಲಾಖೆಗೆ ನನ್ನ ಬೇಡಿಕೆ ಇಷ್ಟು: ಪ್ರತಿ ಎಫ್‌ಸಿಯಲ್ಲೂ ಮೀಟರಿನ ಅಂಕಿಯನ್ನು ಬರೆದು, ಅದು ಪರಿವಾಹನ್ ಆ್ಯಪ್‌ನಲ್ಲಿ ಎಲ್ಲರಿಗೂ ಕಾಣುವಂತೆ ಮಾಡಿ. ಆ್ಯಪ್‌ನಲ್ಲಿ ವಿಮೆ, ಎಫ್‌ಸಿ, ಫೈನಾನ್ಸ್ ಎಲ್ಲ ಕಾಣುತ್ತದೆ, ಕಿಲೋಮೀಟರ್ ಮಾತ್ರ ಕಾಣುವುದಿಲ್ಲ. ನಾನು ನೋಡಿದ ಎಫ್‌ಸಿ ಕಾಗದಗಳಲ್ಲೂ ಇರಲಿಲ್ಲ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಹಳೇ ವಾಹನ ಡೀಲರುಗಳ ನಿಯಮದಂತೆ, ಗಾಡಿ ಡೀಲರ್ ಕೈಯಲ್ಲಿರುವಾಗ ಟ್ರಯಲ್‌ಗೆ ಓಡಿಸಿದ ಕಿಲೋಮೀಟರನ್ನೂ ರಿಜಿಸ್ಟರ್‌ನಲ್ಲಿ ಬರೆಯಬೇಕು. ಅದಕ್ಕೆ ಮೊದಲು ಓಡಿದ ಲಕ್ಷಗಳ ಲೆಕ್ಕ ಯಾರದು? ಬ್ರಿಟನ್ನಿನಲ್ಲಿ ನಮ್ಮ ಎಫ್‌ಸಿಯಂಥದೇ ಆದ ಎಂಒಟಿ ತಪಾಸಣೆಯ ಪ್ರತಿ ಸಲದ ಮೀಟರ್ ಅಂಕಿಯನ್ನು ಸರ್ಕಾರಿ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ನಮ್ಮಲ್ಲೂ ಗಾಡಿ ಹೇಗಿದ್ದರೂ ಇನ್‌ಸ್ಪೆಕ್ಟರ್ ಮುಂದೆ ನಿಂತಿರುತ್ತದೆ. ಆರು ಅಂಕಿ ಬರೆಯಲು ಎಷ್ಟು ಹೊತ್ತು?

ಅರ್ಧಕ್ಕರ್ಧ ಗಾಡಿಗಳ ಮೀಟರೇ ಓಡುವುದಿಲ್ಲ ಎಂದು ನನ್ನ ಹಳೇ ಸಹೋದ್ಯೋಗಿಯೊಬ್ಬರು ನಕ್ಕರು. ಸ್ಪೀಡೋಮೀಟರ್ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು ಎಂಬುದು ಮೋಟಾರು ವಾಹನ ನಿಯಮದಲ್ಲೇ ಇದೆ. ಓಡದ ಮೀಟರಿನ ಗಾಡಿಗೆ ಎಫ್‌ಸಿ ಕೊಟ್ಟವರು ಯಾರು ಎಂದು ಅವರನ್ನೇ ಕೇಳಿದೆ.

– ಒಬ್ಬ ನಿವೃತ್ತ ಡಿಪೊ ಮೆಕ್ಯಾನಿಕ್, ಶ್ರೀನಿವಾಸಪುರ ತಾಲ್ಲೂಕು