ನರ್ಸುಗಳಿಗೆ ಬ್ರಿಟನ್ನಿನ ಆಡುಮಾತನ್ನೂ ಕಲಿಸಿ

ಮಾನ್ಯರೇ,

ಬೆಳಗಾವಿಯಿಂದ ಬ್ರಿಟನ್ನಿಗೆ ಹೊರಡುವ ನರ್ಸುಗಳಿಗೆ ಇಂಗ್ಲಿಷ್ ವ್ಯಾಕರಣವಷ್ಟೇ ಕಲಿಸಿದರೆ ಸಾಲದು. ಅಲ್ಲಿನ ಹಿರಿಯ ರೋಗಿ ‘ಸ್ಪೆಂಡ್ ಎ ಪೆನ್ನಿ’ ಎಂದರೆ ಮೂತ್ರಕ್ಕೆ ಹೋಗಬೇಕೆಂದರ್ಥ. ಹಿಂದೆ ಸಾರ್ವಜನಿಕ ಶೌಚಾಲಯದ ಬಾಗಿಲಿಗೆ ಒಂದು ಪೆನ್ನಿ ನಾಣ್ಯ ಹಾಕಬೇಕಿತ್ತು. ಅರ್ಥವಾಗದೆ ತಡಮಾಡಿದರೆ ಹಾಸಿಗೆ ಒದ್ದೆ, ಪಾಪ, ಅವರಿಗೆ ಸಂಕೋಚ. ‘ಪೂರ್ಲಿ’ ಎಂದರೆ ಆರಾಮಿಲ್ಲ. ಉತ್ತರ ಇಂಗ್ಲೆಂಡಿನಲ್ಲಿ ‘ಟೀ’ ಎಂದರೆ ಸಂಜೆಯ ಊಟವೂ ಹೌದು. ಆದ್ದರಿಂದ ಸಕ್ಕರೆ ಕಾಯಿಲೆಯವರು ‘ಟೀ ಆಯಿತು’ ಎಂದಾಗ ಏನು ತಿಂದಿರಿ ಎಂದು ಬಿಡಿಸಿ ಕೇಳಬೇಕು. ‘ಹಾಫ್ ಸೆವೆನ್’ ನಮ್ಮ ಏಳೂವರೆ, ಆರೂವರೆಯಲ್ಲ. ‘ಆಲ್ ರೈಟ್?’ ನಮ್ಮ ‘ಊಟಾತೇನ್ರಿ?’ ಇದ್ದಂತೆ, ಬರೀ ಮಾತಾಡಿಸುವ ರೀತಿ. ನ್ಯೂಕ್ಯಾಸಲ್‌ನ ‘ಪೆಟ್’, ಡರ್ಬಿಯ ‘ಡಕ್’ ಎಂದು ಕರೆಯುವುದು ಅವಮಾನವಲ್ಲ; ಪುಟ್ಟ ಹುಡುಗಿಗೂ ‘ಯವ್ವಾ’ ಅನ್ನುವ ನಮ್ಮ ಅಕ್ಕರೆಯೇ ಅದು. ತರಬೇತಿ ಕೇಂದ್ರಗಳು ವಾರಕ್ಕೊಂದು ತಾಸು ಇದಕ್ಕೆ ಮೀಸಲಿಡಲಿ.

— ಇಂಗ್ಲಿಷ್ ಶಿಕ್ಷಕರು, ಬೆಳಗಾವಿ